ಗದೆಗಿಂತ ಮೊದಲು ಗಂಜಿ

ಕಳೆದ ಜಾತ್ರೆಯ ಕುಸ್ತಿಯಲ್ಲಿ ನಮ್ಮ ಪೇಟೆಯ ಹುಡುಗನೊಬ್ಬ ಹತ್ತು ನಿಮಿಷ ಹುಲಿಯಂತೆ ಕಾದಾಡಿದ. ಆಮೇಲೆ ಇದ್ದಕ್ಕಿದ್ದಂತೆ ಕಾಲು ಕುಸಿದು ಚಿತ್ತಾದ. ಸುತ್ತ ನೆರೆದವರು ಸುಮ್ಮನಿದ್ದಾರೆಯೇ? 'ಎದೆಯಲ್ಲಿ ಕಸುವಿಲ್ಲ' ಎಂದರು ಕೆಲವರು. 'ಈಗಿನ ಹುಡುಗರೇ ಹೀಗೆ' ಎಂದರು ಮತ್ತೆ ಕೆಲವರು. ಮೈಯ ಮಣ್ಣು ಒರೆಸಿಕೊಳ್ಳುತ್ತಿದ್ದವನನ್ನು ನಾವು ಕೇಳಿದೆವು: 'ಬೆಳಗಿನಿಂದ ಏನು ತಿಂದಿದ್ದೀಯಪ್ಪಾ?'

'ಎರಡು ಸಲ ಚಾ, ಒಂದು ಬನ್ನು, ಮೇಷ್ಟ್ರೇ. ರಾತ್ರಿ ಪಾಳಿ ಮುಗಿಸಿ ಹಾಗೇ ಬಂದೆ.'

ಎದೆಯ ಮಾತಾಡಿದವರಲ್ಲಿ ಒಬ್ಬರಾದರೂ ಅವನ ಹೊಟ್ಟೆಯ ವಿಚಾರ ಕೇಳಲಿಲ್ಲ. ಇದೇ ನಮ್ಮ ತಕರಾರು.

ಸ್ನಾಯುವಿನ ದಣಿವನ್ನು ಧೈರ್ಯದ ಕೊರತೆ ಎಂದು ತಿಳಿಯುವುದು ತಪ್ಪು. ನಾವು ಉಣ್ಣುವ ಅಕ್ಕಿ, ರಾಗಿ, ಜೋಳ, ಬೆಲ್ಲ ಜೀರ್ಣವಾಗಿ ಒಂದು ಪಾಲು ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ರೂಪದಲ್ಲಿ ಕೂಡಿರುತ್ತದೆ. ಅಂಗಡಿಯ ಬಂಧುಗಳಿಗೆ ತಿಳಿಯುವಂತೆ ಹೇಳುವುದಾದರೆ, ಇದು ಉಗ್ರಾಣದ ದಾಸ್ತಾನು. ಬಿರುಸಿನ ಕೆಲಸಕ್ಕೆಲ್ಲ ಇದೇ ಮುಖ್ಯ ಉರುವಲು. ಗಿರಣಿಯಲ್ಲಿ ಮೂಟೆ ಹೊತ್ತರೂ ಇದೇ ಖರ್ಚು, ಗರಡಿಯಲ್ಲಿ ಬಸ್ಕಿ ಹೊಡೆದರೂ ಇದೇ ಖರ್ಚು. ರಾತ್ರಿಯೆಲ್ಲ ಮೂಟೆಗೆ ಖರ್ಚಾದದ್ದನ್ನು ಬೆಳಿಗ್ಗೆ ತುಂಬಿಕೊಳ್ಳದೆ ಸಂಜೆ ಅಖಾಡಕ್ಕೆ ಇಳಿದರೆ ಕಾಲು ನಿಲ್ಲುವುದಾದರೂ ಹೇಗೆ?

ಇದು ಊಹೆಯ ಮಾತಲ್ಲ. 1967ರಲ್ಲಿ ಸ್ವೀಡನ್ ದೇಶದ ಬರ್ಗ್‌ಸ್ಟ್ರಾಮ್, ಹುಲ್ಟ್‌ಮನ್ ಮತ್ತು ಅವರ ಸಂಗಡಿಗರು ತೊಡೆಯ ಸ್ನಾಯುವಿನ ಚೂರನ್ನು ಸೂಜಿಯಿಂದ ತೆಗೆದು ಈ ದಾಸ್ತಾನನ್ನು ಅಳೆದರು. ಅದೇ ಜನರಿಗೆ ಬೇರೆ ಬೇರೆ ಊಟ ಕೊಟ್ಟು, ಕೈಲಾಗದು ಎನ್ನುವವರೆಗೂ ಸೈಕಲ್ ಯಂತ್ರ ತುಳಿಸಿದರು. ಸಾಧಾರಣ ಮಿಶ್ರ ಊಟದ ಮೇಲೆ ಅವರು ಸರಾಸರಿ 115 ನಿಮಿಷದಷ್ಟು ತುಳಿದರು. ಮೂರು ದಿನ ಬರೀ ಕೊಬ್ಬು, ಮಾಂಸದ ಊಟ ಉಂಡಾಗ 57 ನಿಮಿಷಕ್ಕೇ ಸೋತರು. ಪಿಷ್ಟ ಹೆಚ್ಚಿರುವ ಊಟ ಉಂಡಾಗ 167 ನಿಮಿಷದಷ್ಟು ನಿಂತರು. ಮನುಷ್ಯ ಅವನೇ, ಕಾಲೂ ಅವನದೇ. ಬದಲಾದದ್ದು ತಟ್ಟೆ ಮಾತ್ರ. ಸೈಕಲ್ಲಿಗೂ ಕುಸ್ತಿಗೂ ವ್ಯತ್ಯಾಸವಿದೆಯೆಂದು ವಸ್ತಾದರು ಆಕ್ಷೇಪಿಸಬಹುದು. ಇದೆ, ಒಪ್ಪಿದೆವು. ಆದರೆ ದಿನಕ್ಕೆರಡು ಹೊತ್ತು ಸಾಮು ತೆಗೆಯುವವನ ದಾಸ್ತಾನು ಬರಿದಾಗುವುದು ಎರಡರಲ್ಲೂ ಒಂದೇ.

ಹಾಲು, ತುಪ್ಪ, ಬಾದಾಮಿ ಇಲ್ಲದೆ ಪೈಲವಾನನಿಲ್ಲ ಎಂಬುದು ನಮ್ಮ ಗರಡಿಗಳ ಹಳೆಯ ನಂಬಿಕೆ. ಹಾಲು ಒಳ್ಳೆಯದೇ. ಆದರೆ ಬಾದಾಮಿ ಕೊಳ್ಳಲಾರದವನ ಮಗ ಕುಸ್ತಿಗೆ ಬರಬಾರದೆಂಬ ತೀರ್ಮಾನ ಎಲ್ಲಿಯದು? ನೂರು ಗ್ರಾಂ ಕಡಲೇಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ಬಾದಾಮಿಯಲ್ಲಿ ಅಷ್ಟೂ ಇಲ್ಲ. ಹುರುಳಿಕಾಳೇನೂ ಕಡಿಮೆಯದಲ್ಲ. ಮುದ್ದೆ, ಅನ್ನ, ಹುರುಳಿ ಸಾರು, ಬಾಳೆಹಣ್ಣು, ಒಂದು ಹಿಡಿ ಬೀಜ, ಒಂದು ಉಂಡೆ ಬೆಲ್ಲ: ಇಷ್ಟು ಸಿಕ್ಕರೆ ಹುಡುಗ ನಿಲ್ಲುತ್ತಾನೆ. ಸಾವಿರಾರು ರೂಪಾಯಿನ ಡಬ್ಬಿಯ ಪುಡಿಗೆ ಸಾಲ ಮಾಡಬೇಕಾಗಿಲ್ಲ. ಡಬ್ಬಿ ಮಾರುವ ಮಿತ್ರರು ನಮ್ಮ ಮೇಲೆ ಕೋಪಿಸಿಕೊಳ್ಳಬಾರದು.

ಊಟದಷ್ಟೇ ವಿಶ್ರಾಂತಿಯೂ ಬೇಕು. ನಮ್ಮ ಬೆಳಗಾವಿಯ ಗಡಿಯಾಚೆ ಕೊಲ್ಲಾಪುರದಲ್ಲಿ ಓದಿ ಪಳಗಿದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಅದು ಮೊದಲ ವೈಯಕ್ತಿಕ ಪದಕ. ಅವರನ್ನು ಅಲ್ಲಿಗೆ ಕಳಿಸಲು ಅವರ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ 7,000 ರೂಪಾಯಿಗೆ ಅಡವಿಟ್ಟರು. ಅಲ್ಲಿ ಜಪಾನಿನ ಇಶಿಯೊಡನೆ ದೀರ್ಘವಾಗಿ ಸೆಣಸಿ ಬಂದವರನ್ನು ಕೂಡಲೇ ಸೋವಿಯತ್ ಮಲ್ಲ ಮಮದ್‌ಬೆಯೋವನ ಎದುರು ನಿಲ್ಲಿಸಲಾಯಿತು. ನಡುವೆ ಅರ್ಧ ಗಂಟೆ ಬಿಡುವು ಕೊಡಬೇಕಿತ್ತು. ಅದನ್ನು ಕೇಳಲು ನಮ್ಮ ಅಧಿಕಾರಿ ಒಬ್ಬರೂ ಅಲ್ಲಿರಲಿಲ್ಲ. ಜಾಧವರು ಸೋತರು. ಬಿರುಸಿನ ಸೆಣಸಾಟದಲ್ಲಿ ಸ್ನಾಯುವಿನಲ್ಲಿ ಏರುವ ಆಮ್ಲ ಇಳಿಯಲು ಅರ್ಧ ಗಂಟೆ, ಒಂದು ಗಂಟೆ ಬೇಕು. ಬರಿದಾದ ದಾಸ್ತಾನು ತುಂಬಲು ಒಳ್ಳೆಯ ಊಟದೊಡನೆ ಸುಮಾರು ಒಂದು ದಿನವೇ ಬೇಕು. ಬಿಡುವು ಯಾರೋ ಕರುಣೆಯಿಂದ ಕೊಡುವ ದಾನವಲ್ಲ.

ಈಗ ನಮ್ಮೂರಿನ ಮಾತಿಗೆ ಬರೋಣ. ಜಾತ್ರೆಯಲ್ಲಿ ಗೆದ್ದವನಿಗೆ ಬೆಳ್ಳಿ ಗದೆ ಕೊಡುವ ದಾನಿಗಳಿದ್ದಾರೆ, ಅವರ ಹೆಸರು ಮೈಕಿನಲ್ಲಿ ಮೂರು ಸಲ ಕೂಗಲಾಗುತ್ತದೆ. ಗೆಲ್ಲುವ ಮೊದಲು ಗಂಜಿ ಕೊಡುವವರ ಹೆಸರನ್ನು ನಾವು ಇದುವರೆಗೆ ಕೇಳಿಲ್ಲ. ಪೇಟೆಯ ವರ್ತಕ ಬಂಧುಗಳು ತಿಂಗಳಿಗೊಂದು ಚೀಲ ಕಡಲೇಕಾಯಿ, ಒಂದು ಪೆಂಟೆ ಬೆಲ್ಲ ಗರಡಿಗೆ ಕಳಿಸಲಿ. ಸಾಮು ಮುಗಿದ ಕೂಡಲೇ ಹುಡುಗರು ಅಲ್ಲೇ ತಿನ್ನಲಿ. ಕುಸ್ತಿಯ ದಿನ ಮೂರು ನಾಲ್ಕು ಗಂಟೆ ಮೊದಲು ಅವರಿಗೆ ಅನ್ನ ಹಾಕುವ ಹೊಣೆಯನ್ನು ಜಾತ್ರಾ ಸಮಿತಿ ಹೊರಲಿ. ಗಿರಣಿಯ ಗೆಳೆಯರು ಕುಸ್ತಿಯ ಹಿಂದಿನ ರಾತ್ರಿ ಆ ಹುಡುಗನ ಪಾಳಿಯನ್ನು ತಮ್ಮೊಳಗೆ ಬದಲಾಯಿಸಿಕೊಳ್ಳಲಿ. ಮಾಲೀಕರು ಅದಕ್ಕೆ ಅಡ್ಡಿ ಬಂದರೆ ನಮಗೆ ತಿಳಿಸಲಿ. ಗರಡಿಯಲ್ಲಿ ಈಗ ಹದಿನಾಲ್ಕು ಮಂದಿ ಹುಡುಗರಿದ್ದಾರೆ. ವಸ್ತಾದರೊಡನೆ ನಾವು ಮಾತಾಡಿದ್ದೇವೆ, ಒಲೆಗೆ ಜಾಗವಿದೆ, ಪಾತ್ರೆ ಬೇಕು.