ಗ್ಲಾಸ್ಗೋದಲ್ಲಿ ಕುಸ್ತಿ ಔಟ್, ಜೂಡೋ ಇನ್: ನಮ್ಮ ಹುಡುಗರಿಗೆ ಏನು ಲೆಕ್ಕ?

ದಂಡಿನಶಿವರ: ಕಾಮನ್‌ವೆಲ್ತ್ ಕ್ರೀಡಾಕೂಟ ಅಂದ್ರೆ ಭಾರತಕ್ಕೆ ಪದಕದ ಸುಗ್ಗಿ. 2022ರ ಬರ್ಮಿಂಗ್‌ಹ್ಯಾಮ್ ಕೂಟದ 61 ಪದಕಗಳಲ್ಲಿ 12 ಕುಸ್ತಿಯೊಂದರಿಂದಲೇ ಬಂದಿದ್ದವು, ಅದರಲ್ಲಿ ಆರು ಚಿನ್ನ. ಆದರೆ 2026ರ ಜುಲೈ 23ರಿಂದ ಆಗಸ್ಟ್ 2ರವರೆಗಿನ ಗ್ಲಾಸ್ಗೋ ಕೂಟದ ಪಟ್ಟಿಯಲ್ಲಿ ಕುಸ್ತಿಯೇ ಇಲ್ಲ. ಹಾಕಿ, ಬ್ಯಾಡ್ಮಿಂಟನ್, ಶೂಟಿಂಗ್, ಟೇಬಲ್ ಟೆನಿಸ್, ಕ್ರಿಕೆಟ್ಟೂ ಇಲ್ಲ. ಇಬ್ಬರು ಎದುರುಬದುರು ನಿಂತು ಸೆಣಸುವ ಆಟಗಳಲ್ಲಿ ಉಳಿದಿರೋದು ಬಾಕ್ಸಿಂಗ್ ಮತ್ತು ಜೂಡೋ.

ಇದಕ್ಕೆ ಕಾರಣ ದುಡ್ಡು. ಮೊದಲು ಕೂಟ ನಡೆಸ್ತೀವಿ ಅಂದಿದ್ದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, ಖರ್ಚು ಮಿತಿಮೀರ್ತಿದೆ ಅಂತ 2023ರ ಜುಲೈನಲ್ಲಿ ಕೈ ಎತ್ತಿತು. ಕೊನೆಗೆ ಗ್ಲಾಸ್ಗೋ ಒಪ್ಪಿಕೊಂಡಿದ್ದು ಬರೀ ಹತ್ತು ಕ್ರೀಡೆಗೆ.

ಹಾಗಂತ ಜೂಡೋದವರು ಬೀಗುವ ಹಾಗಿಲ್ಲ. ಈ ಏಟು ಅವರೂ ತಿಂದಿದ್ದಾರೆ. ಮಣಿಪುರದ ಸುಶೀಲಾ ದೇವಿ ಲಿಕ್ಮಾಬಾಮ್ 2014ರಲ್ಲಿ ಇದೇ ಗ್ಲಾಸ್ಗೋದಲ್ಲಿ 48 ಕೆಜಿ ವಿಭಾಗದಲ್ಲಿ ಬೆಳ್ಳಿ ಗೆದ್ದರು. 2018ರ ಗೋಲ್ಡ್ ಕೋಸ್ಟ್ ಕೂಟದಲ್ಲಿ ಜೂಡೋನೇ ಇರಲಿಲ್ಲ. ಎಂಟು ವರ್ಷ ಕಾದು ಬರ್ಮಿಂಗ್‌ಹ್ಯಾಮ್‌ನಲ್ಲಿ ಮತ್ತೆ ಬೆಳ್ಳಿ ತಂದರು. ಅಲ್ಲಿ ತೂಲಿಕಾ ಮಾನ್‌ಗೂ ಬೆಳ್ಳಿ, ವಿಜಯ್ ಕುಮಾರ್ ಯಾದವ್‌ಗೆ ಕಂಚು. ಆಟಗಾರನ ಪ್ರಾಯ ಯಾವ ಸಮಿತಿಗೂ ಕಾಯಲ್ಲ.

ಗರಡಿ ಹುಡುಗರು ನೇರ ಜೂಡೋಗೆ ಹೋದರೆ ಆಗಲ್ವಾ ಅನ್ನೋದು ಸಹಜ ಪ್ರಶ್ನೆ. ಅಷ್ಟು ಸಲೀಸಲ್ಲ. ಜೂಡೋದಲ್ಲಿ ದಪ್ಪ ಬಟ್ಟೆಯ ಅಂಗಿ ಹಾಕ್ತಾರೆ, ಅದರ ಕೊರಳಪಟ್ಟಿ, ತೋಳು ಹಿಡಿದೇ ಎತ್ತಿ ಒಗೀಬೇಕು. ಎದುರಾಳಿ ಜೋರಾಗಿ ಬೆನ್ನ ಮೇಲೆ ಬಿದ್ದರೆ ಇಪ್ಪಾನ್, ಆಟ ಅಲ್ಲಿಗೇ ಖಲಾಸ್. ನೆಲಕ್ಕೆ ಒತ್ತಿ 20 ಸೆಕೆಂಡ್ ಹಿಡಿದರೂ ಅಷ್ಟೇ. ಆದರೆ ಕುಸ್ತಿಯ ಹಾಗೆ ಕೈ ಹಾಕಿ ಕಾಲು ಎಳೆಯುವಂತಿಲ್ಲ. ಗರಡಿಯಲ್ಲಿ ಕಲಿತ ಅರ್ಧ ಪಟ್ಟು ಇಲ್ಲಿ ತಪ್ಪಾಗುತ್ತೆ.

ಕಾಮನ್‌ವೆಲ್ತ್ ಪದಕ ನೋಡಿ ಹಿಗ್ಗುವುದೂ ಬೇಡ. ಜಪಾನ್, ಫ್ರಾನ್ಸ್, ಜಾರ್ಜಿಯಾ ಇಲ್ಲದ ಕೂಟ ಅದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬರೇ ಜೂಡೋ ಪಟು ಅದೇ ತೂಲಿಕಾ. ಕ್ಯೂಬಾದ ಇದಾಲಿಸ್ ಓರ್ಟಿಸ್ ಎದುರು ಅವರ ಪಂದ್ಯ 28 ಸೆಕೆಂಡಿಗೆ ಮುಗೀತು. ಓರ್ಟಿಸ್ ಅದಾಗಲೇ ನಾಲ್ಕು ಒಲಿಂಪಿಕ್ ಪದಕ ಗೆದ್ದಿದ್ದವರು.

ನಮ್ಮ ರಾಜ್ಯದವರು ಗಮನಿಸಬೇಕಾದ್ದು ಬೇರೆ. 2022ರ ಆಗಸ್ಟ್‌ನಲ್ಲಿ ಸರಾಯೆವೊದಲ್ಲಿ ವಿಶ್ವ ಕೆಡೆಟ್ ಚಾಂಪಿಯನ್ ಆದ 16 ವರ್ಷದ ಲಿಂಥೊಯ್ ಚನಂಬಮ್ ತಯಾರಾಗಿದ್ದು ಕರ್ನಾಟಕದಲ್ಲೇ, ಬಳ್ಳಾರಿ ಜಿಲ್ಲೆ ತೋರಣಗಲ್ಲು ಪಕ್ಕದ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಜೂಡೋದಲ್ಲಿ ಯಾವುದೇ ವಯೋಮಾನದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಕೋಚ್ ಜಾರ್ಜಿಯಾದ ಮಮುಕಾ ಕಿಜಿಲಾಶ್ವಿಲಿ, ಹುಡುಗಿ ಮಣಿಪುರದವಳು, ನೆಲ ಮಾತ್ರ ನಮ್ಮದು!

ಇಲ್ಲಿ ಬುದ್ಧಿ ಇಲ್ಲ, ಬಲ ಇಲ್ಲ ಅಂತಲ್ಲ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ ವೇಟ್‌ಲಿಫ್ಟಿಂಗ್‌ನಲ್ಲಿ 2018ರಲ್ಲಿ ಬೆಳ್ಳಿ, 2022ರಲ್ಲಿ ಕಂಚು ತಂದವರೇ. ವ್ಯತ್ಯಾಸ ಶುರುವಾಗೋದು ಹತ್ತು ಹನ್ನೆರಡನೇ ವಯಸ್ಸಿಗೆ. ಬೀಳೋದನ್ನು ಕಲಿಸುವ ಮ್ಯಾಟು, ಕಲಿಸುವ ಮನುಷ್ಯ ಆಗ ಊರಹತ್ತಿರ ಇರಬೇಕು. ವಿಜಯನಗರದಂಥ ದೊಡ್ಡ ಕೇಂದ್ರದವರು ಆರಿಸಿಕೊಳ್ಳೋದು ಅದಾಗಲೇ ಆಡ್ತಿರೋ ಮಕ್ಕಳನ್ನು.

ಕೊಬ್ಬರಿ ರೇಟು ಒಂದು ವರ್ಷ ಬಿತ್ತು ಅಂತ ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಯಾರೂ ತೆಂಗಿನ ಮರ ಕಡಿಯಲ್ಲ, ಏರಿತು ಅಂತ ನೆಟ್ಟ ಸಸಿ ಮರುವರ್ಷ ಕಾಯಿ ಬಿಡಲ್ಲ. ಕುಸ್ತಿ ಆಡೋ ಹುಡುಗರನ್ನು ಗ್ಲಾಸ್ಗೋ ಪಟ್ಟಿ ನೋಡಿ ನಿಲ್ಲಿಸಿದರೆ ಅದು ಮೂರ್ಖತನ. ಸೆಪ್ಟೆಂಬರ್ 19ರಿಂದ ಜಪಾನಿನ ಐಚಿ–ನಗೋಯಾದಲ್ಲಿ ನಡೆಯುವ ಏಷ್ಯನ್ ಗೇಮ್ಸ್‌ನಲ್ಲಿ ಕುಸ್ತಿಯೂ ಇದೆ, ಜೂಡೋವೂ ಇದೆ.

2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಸಿಕ್ಕಿದೆ. ಈಗ ಏಳನೇ ಕ್ಲಾಸಿನಲ್ಲಿರೋ ಹುಡುಗಿಗೆ ಆಗ ಹದಿನಾರೋ ಹದಿನೇಳೋ. ತಾಲ್ಲೂಕಿನಲ್ಲಿ ಒಂದು ಜೂಡೋ ಮ್ಯಾಟ್ ಹಾಕಿಸಬೇಕು ಅನ್ನೋರು ಕ್ರೀಡಾ ಇಲಾಖೆಗೆ ಅರ್ಜಿ ಕೊಡಬೇಕಾದ್ದು 2029ರಲ್ಲಲ್ಲ, ಈ ವರ್ಷವೇ.