ಮಂಗಳೂರಿನ ಮಗಳು, ಬಂಗಾಳದ ಹೆಸರು

ಕಳೆದ ತಿಂಗಳು ನಮ್ಮ ಸಂಘದ ಮಹಿಳಾ ವಿಭಾಗದ ಕೂಟದಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರ ಮಾತು ಬಂದಿತು. ಮದುವೆಯಾಗಿ ಹೊಸದಾಗಿ ಮುಂಬಯಿಗೆ ಬಂದಿರುವ ಧಾರವಾಡದ ಹುಡುಗಿಯೊಬ್ಬಳು, “ಅವರು ಬಂಗಾಳದವರಲ್ಲೇನ್ರೀ?” ಎಂದು ಕೇಳಿದಳು. ನಮಗೆ ಮೊದಲು ನಗು ಬಂದಿತು, ಆಮೇಲೆ ನಾಚಿಕೆಯಾಯಿತು. ನಾವು ಹೇಳಿಕೊಟ್ಟಿದ್ದರಲ್ಲವೇ ಆಕೆಗೆ ತಿಳಿಯುವುದು?

ಕಮಲಾದೇವಿಯವರು 1903ರಲ್ಲಿ ಮಂಗಳೂರಿನ ಸಾರಸ್ವತ ಮನೆತನದಲ್ಲಿ ಹುಟ್ಟಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ದೊಡ್ಡ ಹುದ್ದೆಯಲ್ಲಿದ್ದವರು. ಮಗಳಿನ್ನೂ ಏಳು ವರ್ಷದವಳಿದ್ದಾಗ ಮರಣಪತ್ರ ಬರೆಯದೆ ತೀರಿಕೊಂಡರು. ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ಕಾನೂನಿನ ಮುಂದೆ ಹೆಣ್ಣಿನ ಬೆಲೆಯೆಷ್ಟೆಂಬುದನ್ನು ಆ ಮಗು ಮನೆಯಲ್ಲಿಯೇ ಕಂಡುಕೊಂಡಿತು. ಎಳೆವಯಸ್ಸಿನಲ್ಲಿ ಮದುವೆಯೂ ಆಯಿತು, ಬೆನ್ನಿಗೇ ವೈಧವ್ಯವೂ ಬಂದಿತು. ಆ ಕಾಲದಲ್ಲಿ ಅಂಥ ಹುಡುಗಿಯನ್ನು ಒಳಕೋಣೆಗೆ ಸೇರಿಸಿಬಿಡುವುದೇ ವಾಡಿಕೆ. ತಾಯಿ ಗಿರಿಜಾಬಾಯಿ ಹಾಗೆ ಮಾಡಲಿಲ್ಲ; ಮಗಳು ಓದಿದಳು. ಈ ತಾಯಿಯ ಬಗೆಗೇ ಬೇರೊಂದು ಲೇಖನ ಬರೆಯಬೇಕು.

ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಗೆಳತಿ ಸುಹಾಸಿನಿಯ ಮೂಲಕ ಪರಿಚಯವಾದವರು ಆಕೆಯ ಅಣ್ಣ ಹರೀಂದ್ರನಾಥರು. ಹೈದರಾಬಾದಿನಲ್ಲಿ ನೆಲೆಸಿದ್ದ ಬಂಗಾಳಿ ಮನೆತನ. ಸರೋಜಿನಿ ನಾಯಿಡು ಅವರ ತಮ್ಮ. ಕವಿ, ನಾಟಕಕಾರ, ಗಾಯಕ, ನಟ. ವಿಧವೆ ಮರುಮದುವೆಯಾಗುವುದೇ ಒಂದು ಅಪರಾಧ. ಅದರ ಮೇಲೆ ಜಾತಿ ಬೇರೆ, ಭಾಷೆ ಬೇರೆ. ಸಂಪ್ರದಾಯಸ್ಥರು ಕಿಡಿಕಿಡಿಯಾದರು. ದಂಪತಿಗಳಾದರೋ ಒಟ್ಟಿಗೆ ರಂಗವೇರಿದರು! ಮಾನವಂತರ ಮನೆಯ ಹೆಣ್ಣು ಬಣ್ಣ ಹಚ್ಚುವುದೆಂದರೆ ಆಗ ಸಣ್ಣ ಮಾತಲ್ಲ.

1926ರಲ್ಲಿ, ಹೆಂಗಸರೂ ಶಾಸನಸಭೆಗೆ ನಿಲ್ಲಬಹುದೆಂದು ಆಗತಾನೆ ಅನುಮತಿ ಸಿಕ್ಕಿದಾಗ, ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ ಕಮಲಾದೇವಿ ಮದರಾಸು ಪ್ರಾಂತದ ಚುನಾವಣೆಗೆ ನಿಂತು ಕೆಲವೇ ಮತಗಳಿಂದ ಸೋತರು. 1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ ತಂಡದಲ್ಲಿ ಹೆಂಗಸರಿರಲಿಲ್ಲ. ಕಮಲಾದೇವಿ ಅವರನ್ನು ಕಂಡು ವಾದಿಸಿ ಒಪ್ಪಿಸಿದರು. ಮುಂದಿನದು ನಮ್ಮೂರಿನ ಕಥೆ. ನಾವು ಸಂಜೆ ಭೇಳಪುರಿ ತಿನ್ನುವ ಚೌಪಾಟಿಯಲ್ಲಿ ಅವಂತಿಕಾಬಾಯಿ ಗೋಖಲೆಯವರೊಡನೆ ಉಪ್ಪು ಕಾಯಿಸಿದರು. ಪೊಟ್ಟಣ ಕಟ್ಟಿ ಶೇರುಪೇಟೆಯ ವ್ಯಾಪಾರಿಗಳಿಗೇ ಮಾರಹೊರಟರು! ಸರಕಾರ ಸೆರೆಮನೆಗೆ ಕಳಿಸಿತು. ಮನೆಯಲ್ಲಿ ಪುಟ್ಟ ಮಗನಿದ್ದ ತಾಯಿ ಎಂಬುದನ್ನು ಓದುಗ ಸೋದರಿಯರು ಮರೆಯಬಾರದು.

ಪತಿಪತ್ನಿಯರ ದಾರಿಗಳು ಬೇರೆಯಾಗುತ್ತ ಹೋದವು. 1930ರ ದಶಕದಲ್ಲಿ ಅವರು ಕಾನೂನು ಪ್ರಕಾರವೇ ಅಗಲಿದರು. ಹಿಂದೂ ವಿವಾಹ ಕಾಯಿದೆ ಬಂದದ್ದು 1955ರಲ್ಲಿ ಎಂಬುದನ್ನು ನೆನೆದರೆ ಆ ಹೆಜ್ಜೆಯ ಭಾರ ತಿಳಿದೀತು. ಒಳಗಿನ ಕಾರಣಗಳನ್ನು ಕೆದಕುವ ಚಟ ನಮಗಿಲ್ಲ. ಆದರೆ ಒಂದು ಮಾತು ಹೇಳಲೇಬೇಕು: ದೇಶಸೇವೆಗೆ ಹೊರಟ ಗಂಡಸಿನ ಮನೆ ನೋಡಿಕೊಳ್ಳಲು ಹೆಂಡತಿ ಇರುತ್ತಾಳೆ, ಹೊರಟವಳು ಹೆಂಡತಿಯೇ ಆದರೆ “ಮನೆ ಮುರಿಯಿತು” ಎಂದು ಊರೆಲ್ಲ ಅವಳತ್ತಲೇ ಬೆರಳು ತೋರಿಸುತ್ತದೆ. ಕಮಲಾದೇವಿಯವರು ಅದಕ್ಕೆ ಕುಗ್ಗಲಿಲ್ಲ. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯಾದರು. ದೇಶವಿಭಜನೆಯ ನಂತರ ನಿರಾಶ್ರಿತರು ಸಹಕಾರದಿಂದ ಫರೀದಾಬಾದನ್ನು ಕಟ್ಟುವಾಗ ಅವರ ಜೊತೆ ನಿಂತರು. 1952ರಿಂದ ಕರಕುಶಲ ಮಂಡಳಿಯನ್ನು ಮುನ್ನಡೆಸಿ, ನಶಿಸುತ್ತಿದ್ದ ಎಷ್ಟೋ ಕಸುಬುಗಳಿಗೆ ಜೀವ ಕೊಟ್ಟರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಹರೀಂದ್ರನಾಥರೂ ಸಾಮಾನ್ಯರಲ್ಲ. ಮೊದಲ ಲೋಕಸಭೆಯಲ್ಲಿ ವಿಜಯವಾಡದ ಸದಸ್ಯರಾಗಿದ್ದರು. ಮುಂದೆ ‘ಬಾವರ್ಚಿ’ ಚಿತ್ರದ ಮುದುಕನಾಗಿ ನಮ್ಮನ್ನೆಲ್ಲ ನಗಿಸಿದರು. ಕಮಲಾದೇವಿ 1988ರಲ್ಲಿ, ಅವರು 1990ರಲ್ಲಿ, ಇಬ್ಬರೂ ಈ ಮುಂಬಯಿಯಲ್ಲಿಯೇ ಕಣ್ಮುಚ್ಚಿದರು. ಅಗಲಿದ ಮೇಲೂ ಆ ಹೆಸರನ್ನು ಕಮಲಾದೇವಿ ಕೊನೆಯವರೆಗೂ ಬಿಡಲಿಲ್ಲ. ಏಕೆಂದು ಕೂಟದಲ್ಲಿ ಕೇಳಿದ್ದಕ್ಕೆ ನಮ್ಮ ಹಿರಿಯರಾದ ಒಬ್ಬ ಅಮ್ಮನವರು, “ಆ ಹೆಸರಿಗೆ ದುಡಿದವಳು ಅವಳೇ ಅಲ್ಲವೇನಮ್ಮಾ, ಏಕೆ ಬಿಡಬೇಕು?” ಎಂದರು.

ಧಾರವಾಡದ ಹುಡುಗಿ ಮುಂದಿನ ಕೂಟದಲ್ಲಿ ಕಮಲಾದೇವಿಯವರ ಬಗ್ಗೆ ಹತ್ತು ನಿಮಿಷ ಮಾತಾಡಲು ಒಪ್ಪಿದ್ದಾಳೆ. ಸೋದರಿಯರೆಲ್ಲ ಬರಬೇಕು. ನೆರೆಮನೆಯ ಬಂಗಾಳಿ ಗೆಳತಿಯರಿದ್ದರೆ ಅವರನ್ನೂ ಕರೆತನ್ನಿ.