ಖಾಲಿ ಹುದ್ದೆಗಳ ಲೆಕ್ಕ ಕೇಳುವವರು ಯಾರು?

ಸರ್ಕಾರಿ ನೌಕರಿಗೆ ಓದುತ್ತಿರುವ ನಮ್ಮೆಲ್ಲರಿಗೂ ಕೆಪಿಎಸ್‌ಸಿ, ಕೆಇಎ ಹೆಸರು ಬಾಯಿಪಾಠ. ಪರೀಕ್ಷೆ ಮುಂದಕ್ಕೆ ಹೋದರೂ, ಅಧಿಸೂಚನೆ ಬಾರದಿದ್ದರೂ ಬೈಯುವುದು ಇವರನ್ನೇ. ಆದರೆ ಅಧಿಸೂಚನೆ ಹುಟ್ಟುವುದು ಅಲ್ಲಲ್ಲ. ಹುದ್ದೆಯೊಂದು ಖಾಲಿಯಾದರೆ ಸಂಬಂಧಪಟ್ಟ ಇಲಾಖೆ ಪ್ರಸ್ತಾವ ಕಳುಹಿಸಬೇಕು. ಆರ್ಥಿಕ ಇಲಾಖೆ ಒಪ್ಪಬೇಕು. ವೃಂದ ಮತ್ತು ನೇಮಕಾತಿ ನಿಯಮಗಳು ಸರಿಯಾಗಿರಬೇಕು. ರೋಸ್ಟರ್ ಪ್ರಕಾರ ಹುದ್ದೆಗಳ ವರ್ಗೀಕರಣ ಆಗಬೇಕು. ಇಷ್ಟೆಲ್ಲ ಮುಗಿದ ಮೇಲಷ್ಟೇ ಕಡತ ನೇಮಕಾತಿ ಸಂಸ್ಥೆಯ ಮೇಜಿಗೆ ಬರುತ್ತದೆ. ಈ ದಾರಿಯಲ್ಲಿ ಅದು ಯಾರ ಬಳಿ ಎಷ್ಟು ತಿಂಗಳು ಮಲಗಿತ್ತು ಎಂಬುದು ನಮಗೆ ಗೊತ್ತಾಗುವುದೇ ಇಲ್ಲ.

ರಾಜ್ಯದಲ್ಲಿ ಮಂಜೂರಾದ ಹುದ್ದೆಗಳು ಸುಮಾರು 7.7 ಲಕ್ಷ. ಅವುಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇವೆ ಎಂದು ಸರ್ಕಾರವೇ ಹೇಳಿದೆ. ಅಂದರೆ ಮೂರು ಕುರ್ಚಿಗಳಲ್ಲಿ ಒಂದು ಖಾಲಿ. ಯಾಕೆ ತುಂಬುತ್ತಿಲ್ಲ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಹಣ.

ಹಣದ ಮಾತು ಸುಳ್ಳಲ್ಲ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಇದರಿಂದ ವರ್ಷಕ್ಕೆ 20,208 ಕೋಟಿ ರೂಪಾಯಿ ಹೆಚ್ಚುವರಿ ಹೊರೆ ಎಂದು ಸರ್ಕಾರ ತಿಳಿಸಿತು. ದುಡಿಯುವವರಿಗೆ ನ್ಯಾಯವಾದ ಸಂಬಳ ಸಿಗಲಿ, ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ನಾಳೆ ಅದೇ ಸಂಬಳಕ್ಕಾಗಿ ತಾನೇ ನಾವು ಇಂದು ಓದುತ್ತಿರುವುದು? ನನ್ನ ಪ್ರಶ್ನೆ ಬೇರೆ. ಒಳಗಿರುವವರ ವೇತನ ಪರಿಶೀಲಿಸಲು ಕೆಲವು ವರ್ಷಗಳಿಗೊಮ್ಮೆ ಆಯೋಗ ಕೂರುತ್ತದೆ, ವರದಿ ಕೊಡುತ್ತದೆ, ವರದಿ ತಡವಾದರೆ ನೌಕರರ ಸಂಘ ಮುಷ್ಕರದ ಮಾತಾಡುತ್ತದೆ. ಖಾಲಿ ಹುದ್ದೆಗಳಿಗೆ ಅಂಥ ಆಯೋಗವೂ ಇಲ್ಲ, ಸಂಘವೂ ಇಲ್ಲ, ಗಡುವೂ ಇಲ್ಲ.

ಹುದ್ದೆ ಖಾಲಿ ಬಿಟ್ಟರೆ ಹಣ ಉಳಿಯುತ್ತದೆ ಎಂಬ ಲೆಕ್ಕವೂ ಪೂರ್ತಿ ನಿಜವಲ್ಲ. ಕೆಲಸ ನಡೆಯಲೇಬೇಕಲ್ಲ! ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದಾರೆ. ಕಚೇರಿಗಳಲ್ಲಿ ಡೇಟಾ ಎಂಟ್ರಿಯವರು, ಚಾಲಕರು ಹೊರಗುತ್ತಿಗೆಯಲ್ಲಿದ್ದಾರೆ. ಅವರಿಗೂ ಹಣ ಹೋಗುವುದು ಖಜಾನೆಯಿಂದಲೇ. ವ್ಯತ್ಯಾಸ ಇಷ್ಟೇ: ಏಜೆನ್ಸಿ ಮೂಲಕ ಬಂದವರಿಗೆ ಸ್ಪರ್ಧಾತ್ಮಕ ಪರೀಕ್ಷೆಯೂ ಇಲ್ಲ, ಸೇವಾ ಭದ್ರತೆಯೂ ಇಲ್ಲ, ನಡುವೆ ಏಜೆನ್ಸಿಗೆ ಕಮಿಷನ್ ಮಾತ್ರ ಇದೆ.

ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿದ ತೀರ್ಪು ಹುಟ್ಟಿದ್ದೇ ನಮ್ಮ ರಾಜ್ಯದ ಪ್ರಕರಣದಲ್ಲಿ. 2006ರ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ, ಹಿಂಬಾಗಿಲಿನಿಂದ ಬಂದ ತಾತ್ಕಾಲಿಕ ನೌಕರರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದಿತು. ನಮಗೆಲ್ಲ ನೆನಪಿರುವುದು ಅಷ್ಟೇ. ಆದರೆ ಮಂಜೂರಾದ ಖಾಲಿ ಹುದ್ದೆಗಳಿಗೆ ನಿಯಮಿತ ನೇಮಕಾತಿ ನಡೆಸಬೇಕೆಂದೂ ಅದೇ ತೀರ್ಪು ಸರ್ಕಾರಗಳಿಗೆ ಹೇಳಿತ್ತು. ಮೊದಲ ಮಾತು ಬಡ ನೌಕರರ ಮೇಲೆ ಕಟ್ಟುನಿಟ್ಟಾಗಿ ಜಾರಿಯಾಯಿತು. ಎರಡನೆಯ ಮಾತು ಕಡತ ಸೇರಿತು.

ನಾನು ಪದವಿ ಮುಗಿಸಿ ನಾಲ್ಕು ವರ್ಷಗಳಿಂದ ಧಾರವಾಡದಲ್ಲಿ ಓದುತ್ತಿದ್ದೇನೆ. ರೂಮ್ ಬಾಡಿಗೆ, ಮೆಸ್ಸು, ಲೈಬ್ರರಿ ಎಲ್ಲ ಸೇರಿ ತಿಂಗಳಿಗೆ ಏಳೆಂಟು ಸಾವಿರ. ಊರಲ್ಲಿ ಅಪ್ಪ ಜೋಳ ಮಾರಿ ಕಳುಹಿಸುವ ದುಡ್ಡದು. ಇಲ್ಲಿ ವಯೋಮಿತಿಯ ಅಂಚಿಗೆ ಬಂದ ಅಣ್ಣಂದಿರು ಬಹಳ ಮಂದಿ ಇದ್ದಾರೆ. ಆ ಗಡಿ ಕಡತ ಓಡಾಡುವವರೆಗೆ ಕಾಯುವುದಿಲ್ಲ. ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು 2024ರ ಅಕ್ಟೋಬರ್‌ನಲ್ಲಿ ಸಂಪುಟ ನಿರ್ಧರಿಸಿತು. ತೀರ್ಮಾನವಾಗಿದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ಆಗಬೇಕಾದ ನ್ಯಾಯವೇ. ಆದರೆ ಇಂಥ ಸಂದರ್ಭದಲ್ಲಿ ಕಾಯುವ ಕಾಲಕ್ಕೆ ಸಮನಾದ ವಯೋಮಿತಿ ಸಡಿಲಿಕೆ ತಾನಾಗಿಯೇ ಸಿಗುವಂತಿರಬೇಕು. ಅದಕ್ಕೂ ಬೀದಿಗಿಳಿದು ಕೇಳಬೇಕೇ?

ಖಾಲಿ ಇರುವುದನ್ನೆಲ್ಲ ಒಂದೇ ಸಲ ತುಂಬಿ ಎಂದು ನಾನು ಹೇಳುತ್ತಿಲ್ಲ. ಬೆರಳಚ್ಚುಗಾರರಂಥ ಕೆಲವು ಹುದ್ದೆಗಳು ಇಂದು ಮೊದಲಿನಷ್ಟು ಬೇಕಿಲ್ಲ. ಬೇಡವಾದರೆ ರದ್ದು ಮಾಡಿ, ಅದನ್ನು ಬಾಯಿಬಿಟ್ಟು ಹೇಳಿ. ಶಿಕ್ಷಕರು, ಶುಶ್ರೂಷಕಿಯರು, ಗ್ರಾಮ ಆಡಳಿತಾಧಿಕಾರಿಗಳಂಥ ಹುದ್ದೆಗಳು ಬೇಕೇ ಬೇಕು ಎಂದಾದರೆ ಅವಕ್ಕೆ ಹಣ ತೆಗೆದಿಡಿ. ಕಾಗದದ ಮೇಲೆ ಹುದ್ದೆ ಇಟ್ಟುಕೊಂಡು ಆಸೆ ತೋರಿಸುತ್ತ ಕೂರುವುದು ಮಾತ್ರ ಬೇಡ.

ಇದಕ್ಕೆ ಮೂರು ಕೆಲಸ ಆಗಬೇಕು. ಪ್ರತಿವರ್ಷ ಬಜೆಟ್ ಜೊತೆಗೆ ಇಲಾಖಾವಾರು ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹಾಗೂ ಹೊರಗುತ್ತಿಗೆಯಲ್ಲಿ ನಡೆಯುತ್ತಿರುವ ಹುದ್ದೆಗಳ ಪಟ್ಟಿಯನ್ನು ಸದನದ ಮುಂದಿಡಬೇಕು. ನೌಕರರ ವೇತನ ಬಿಲ್ಲು ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲೇ ತಯಾರಾಗುವುದರಿಂದ ಮಾಹಿತಿ ಇಲ್ಲ ಎನ್ನುವಂತಿಲ್ಲ. ಎರಡನೆಯದಾಗಿ, ಯುಪಿಎಸ್‌ಸಿಯಂತೆ ವಾರ್ಷಿಕ ಪರೀಕ್ಷಾ ವೇಳಾಪಟ್ಟಿ ಹೊರಡಿಸಿ ಅದಕ್ಕೆ ಬದ್ಧವಾಗಿರಬೇಕು. ಮೂರನೆಯದಾಗಿ, ಆರ್ಥಿಕ ಇಲಾಖೆ ಭರ್ತಿ ಪ್ರಸ್ತಾವವನ್ನು ನಿಗದಿತ ದಿನಗಳೊಳಗೆ ಒಪ್ಪಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು.

ಅಲ್ಲಿಯವರೆಗೆ ನಾವೇನು ಮಾಡಬಹುದು? ಹತ್ತು ರೂಪಾಯಿ ಶುಲ್ಕ ಕಟ್ಟಿದರೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ನಾವು ಯಾವ ಹುದ್ದೆಗೆ ಓದುತ್ತಿದ್ದೇವೋ ಅದರ ಪ್ರಸ್ತಾವ ಯಾವ ದಿನಾಂಕದಿಂದ ಯಾರ ಬಳಿ ಇದೆ ಎಂದು ಕೇಳೋಣ. ಮತ ಕೇಳಲು ಬರುವ ಶಾಸಕರಿಗೂ ಇದೇ ಪ್ರಶ್ನೆ ಹಾಕೋಣ. ಸಂವಿಧಾನದ ವಿಧಿಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುವ ನಾವು ಅವು ಕೊಟ್ಟ ಹಕ್ಕನ್ನು ಒಮ್ಮೆ ಬಳಸಿಯೂ ನೋಡೋಣ.